ನಂಬಿ ಬಂದವರ ಊಟ

ಪ್ರೀತಿಯ ಗೆಳೆಯಾ,

"ನಿನ್ನದು ದೇವರ ಕೆಲಸ, ನನ್ನದು ದುಡ್ಡಿನ ಕೆಲಸ. ಶನಿವಾರ ಬಂದರೆ ಬಟವಾಡೆಗೆ ಎಲ್ಲಿಂದ ತರಲಿ ಅನ್ನುವ ಸಂಕಟ ಸಭಾಪಾಲಕನಿಗೆ ಹೇಗೆ ಗೊತ್ತಾಗಬೇಕು?" ಅಂತ ಬರೆದಿದ್ದೀಯ. ಮಾರಾಯ, ಆ ಸಂಕಟ ಸುವಾರ್ತಾ ಸೇವೆಗೆ, ಅಂದರೆ ಯೇಸುವಿನ ಸಂದೇಶ ಸಾರುವ ಕೆಲಸಕ್ಕೆ, ಹೊಸದೇನಲ್ಲ.

ನಮ್ಮ ಮಂಗಳೂರನ್ನೇ ನೋಡು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಮೂವರು ಇಲ್ಲಿಗೆ ಬಂದರು. ಊರಿನ ಮಾತು ಬಾರದು, ಕೇಳುವವರು ಸಿಗುತ್ತಾರೆ ಅನ್ನುವ ಖಾತ್ರಿಯೂ ಇಲ್ಲ. ನೀನು ಅಂಗಡಿ ಬಾಗಿಲು ತೆರೆದ ದಿನವೂ ಹಾಗೇ ಇತ್ತು ಅಲ್ವಾ? ಆದರೆ ನಿಜವಾದ ಕಷ್ಟ ಶುರುವಾಗಿದ್ದು ಜನ ಬಂದ ಮೇಲೆ. ದೀಕ್ಷಾಸ್ನಾನ ಪಡೆದವರನ್ನು ಮನೆಯವರು ಹೊರಗಿಟ್ಟರು. ಪಾಲಿನ ಆಸ್ತಿ ಕೈತಪ್ಪಿತು. ಮೂರ್ತೆ ಕಸುಬಿನವರಿಗಂತೂ ಶೇಂದಿ ಇಳಿಸುವ ಕೆಲಸವನ್ನು ಮಿಷನ್ನೇ ಬಿಡಿಸಿತು. ಕೆಲಸ ಬಿಡಿಸಿದ ಮೇಲೆ ಅವರ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಬರೀ ಪ್ರಾರ್ಥನೆ ಮಾಡಿ ಕಳಿಸಿಬಿಡಬಹುದಿತ್ತು. ಕಳಿಸಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ.

ಗಡಿಯಾರದ ಕೆಲಸ ಕಲಿಸಿ ನೋಡಿದರು, ಕೈಹಿಡಿಯಲಿಲ್ಲ. ನೇಯ್ಗೆ ಕೈಹಿಡಿಯಿತು, ಅಲ್ಲಿನ ಖಾಕಿ ಬಟ್ಟೆಗೆ ಹೆಸರೂ ಬಂತು. ಆಮೇಲೆ ಗೆಯೋರ್ಗ್ ಪ್ಲೆಬ್ಸ್ಟ್. ಆತ ಬಂದಿದ್ದು ಮಿಷನ್ನಿನ ಅಚ್ಚುಕೂಟದ ಕೆಲಸಕ್ಕೆ. ಇಲ್ಲಿನ ಜೇಡಿಮಣ್ಣಿನ ಗುಣ ಅವನ ಕಣ್ಣಿಗೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹೆಂಚಿನ ಕಾರ್ಖಾನೆ ಶುರು ಮಾಡಿದ. ಮೊದಲಿಗೆ ಕೆಲಸಗಾರರು ಬೆರಳೆಣಿಕೆಯಷ್ಟು, ಮಣ್ಣು ಹದ ಮಾಡಲು ಒಂದು ಜೋಡಿ ಎತ್ತು, ಅಷ್ಟೇ. ಹಳೇ ಮನೆ ಕೆಡವುವಾಗ ಒಂದು ಹೆಂಚು ತಿರುಗಿಸಿ ನೋಡು. ಮಿಷನ್ನಿನ ಹೆಸರು, 1865 ಅನ್ನುವ ಇಸವಿ ಇವತ್ತಿಗೂ ಒತ್ತಾಗಿ ಕಾಣುತ್ತದೆ.

ನಿನಗೂ ನನಗೂ ಸಮಾನವಾದದ್ದು ಇದೇ ಅಂತ ನನ್ನ ನಂಬಿಕೆ. ಧೈರ್ಯ, ಕನಸು ಅಂತ ಜನ ಜಾಸ್ತಿ ಮಾತಾಡುತ್ತಾರೆ. ಅವು ಯಾರಲ್ಲಿ ಇರುವುದಿಲ್ಲ ಹೇಳು? ನಮ್ಮ ಮಾತು ನಂಬಿ ಒಬ್ಬರು ಇದ್ದದ್ದನ್ನು ಬಿಟ್ಟು ಬಂದರೆ, ಅವರ ಊಟದ ಹೊಣೆ ನಮ್ಮದು.

ಒಂದು ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಪ್ರಸಂಗ ಮಾಡುವವರೇ ಸಂಬಳವನ್ನೂ ಕೊಟ್ಟರೆ, ಎದುರಿಗಿರುವವನು ಆಮೆನ್ ಅನ್ನುವುದು ದೇವರಿಗೋ ಧಣಿಗೋ? ಮಿಷನ್ನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಬೈಬಲಿನ ಅಪೊಸ್ತಲ ಪೌಲ ಇದನ್ನು ಚೆನ್ನಾಗಿ ಅರಿತಿದ್ದ. ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಕೂತು ಗುಡಾರ ಹೊಲಿದ, ಸಭೆಗೆ ಭಾರವಾಗದೆ ಸುವಾರ್ತೆ ಸಾರಿದ. ನಿನ್ನ ಹುಡುಗರೂ ನಿನ್ನೆದುರು "ಇದು ಸರಿಯಿಲ್ಲ" ಅನ್ನುವಷ್ಟು ನಿರ್ಭಯವಾಗಿರಲಿ.

ಒಳ್ಳೆ ಕೆಲಸ ಬಿಟ್ಟು ನಿನ್ನ ಜೊತೆ ಸೇರಿದಳಲ್ಲ, ಆ ಹುಡುಗಿಯನ್ನು ಕೂರಿಸಿಕೊಂಡು ಈ ತಿಂಗಳ ಲೆಕ್ಕ ಇದ್ದದ್ದು ಇದ್ದಂತೆ ತೋರಿಸು. ಶನಿವಾರದವರೆಗೆ ಕಾಯಬೇಡ. ಭಾನುವಾರ ಆರಾಧನೆ ಮುಗಿಸಿ ಫೋನ್ ಮಾಡುತ್ತೇನೆ, ಅವಳು ಏನಂದಳು ಹೇಳು.

ನಿನ್ನ ಗೆಳೆಯ