ಲಾರಿ ಬೇಕರ್ ಕಲಿಸಿದ್ದು ನಮ್ಮ ಮೇಸ್ತ್ರಿಗಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮ ಕುಣಿಗಲ್ ಕಡೆ ಹಳ್ಳಿಗಳಲ್ಲಿ ಲಿಂಟಲ್ ಮಟ್ಟಕ್ಕೆ ಬಂದು ನಿಂತುಬಿಟ್ಟ ಮನೆಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ನನ್ನ ತಂಗಿಯ ಮನೆಯೂ ಎರಡು ವರ್ಷ ಹಾಗೇ ನಿಂತಿತ್ತು. ಸರ್ಕಾರದ ವಸತಿ ಯೋಜನೆಯಲ್ಲಿ ಬಂದದ್ದು 1.20 ಲಕ್ಷ, ಅದೂ ಕಂತು ಕಂತಾಗಿ. ಪಾಯಕ್ಕೆ, ಗೋಡೆಗೇ ಎಲ್ಲ ಹೋಯಿತು, ಮೋಲ್ಡ್ ಹಾಕಿಸಲು ದುಡ್ಡಿಲ್ಲ. ನಡುಮನೆ ಆಗಬೇಕಿದ್ದ ಜಾಗದಲ್ಲಿ ಎಕ್ಕದ ಗಿಡ ಎದೆಯುದ್ದ ಬೆಳೆದಿತ್ತು. ಕೊನೆಗೆ ಸಾಲ ಮಾಡಿ ಶೀಟ್ ಹೊದಿಸಿದಳು. ಬೇಸಿಗೆ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ, ಮನೆಮಂದಿಯೆಲ್ಲ ಹೊಂಗೆ ಮರದ ಕೆಳಗಿರುತ್ತಾರೆ.

ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಬಗ್ಗೆ ಬರೆಯಬೇಕು ಅನಿಸಿದ್ದು ಇದಕ್ಕೇ. 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅವರು ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಲು ಭಾರತಕ್ಕೆ ಬಂದು, ಇಲ್ಲಿಯವರೇ ಆಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗಬೇಕು ಎಂಬ ಗಾಂಧೀಜಿ ಮಾತನ್ನು ಜೀವನಪೂರ್ತಿ ಹಿಡಿದುಕೊಂಡವರು. 1990ರಲ್ಲಿ ಪದ್ಮಶ್ರೀ ಬಂತು.

ತಿರುವನಂತಪುರದ ಬಸ್ ನಿಲ್ದಾಣದ ಹತ್ತಿರ ಅವರು ಕಟ್ಟಿದ ಇಂಡಿಯನ್ ಕಾಫಿ ಹೌಸ್ ಇದೆ. ಒಮ್ಮೆ ಏಪ್ರಿಲ್‌ನಲ್ಲಿ ಅಲ್ಲಿ ಕೂತಿದ್ದೆ. ಕೆಂಪು ಇಟ್ಟಿಗೆಯ ಗೋಡೆ, ಪ್ಲಾಸ್ಟರಿಂಗ್ ಇಲ್ಲ, ಉದ್ದಕ್ಕೂ ಸಣ್ಣ ಸಣ್ಣ ಕಿಂಡಿ, ನೆಲ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಆ ಸೆಕೆಯಲ್ಲೂ ಕಿಂಡಿಗಳಿಂದ ಗಾಳಿ ಬರುತ್ತಿತ್ತು. ನನಗೆ ಕಾಫಿಗಿಂತ ಗೋಡೆಯೇ ಜಾಸ್ತಿ ಹಿಡಿಸಿತು.

ಅವರು ಬಳಕೆಗೆ ತಂದ ಒಂದು ಕಟ್ಟಡ ಕ್ರಮ ನಮ್ಮ ಮೇಸ್ತ್ರಿಗಳು ನೋಡಲೇಬೇಕಾದದ್ದು. ಅದಕ್ಕೆ ರ್‍ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ. ಇಟ್ಟಿಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಗೋಡೆ 9 ಇಂಚೇ, ಆದರೆ ನಡುವೆ 3 ಇಂಚಿನಷ್ಟು ಟೊಳ್ಳು. ಇಟ್ಟಿಗೆಯಲ್ಲಿ ಸುಮಾರು ಕಾಲು ಭಾಗ ಉಳಿಯುತ್ತದೆ, ಟೊಳ್ಳಿನಲ್ಲಿರುವ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಮೋಲ್ಡ್‌ನಲ್ಲೂ ಅಷ್ಟೇ. ತಳಭಾಗದ ಕಾಂಕ್ರೀಟು ಅಷ್ಟಾಗಿ ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಂಬಿ. ಹಾಗಾಗಿ ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚು ಇಟ್ಟು ಸಿಮೆಂಟ್, ಜಲ್ಲಿ ಉಳಿಸುತ್ತಿದ್ದರು. ಹಳೇ ಮನೆ ಬಿಚ್ಚಿದಾಗ ನಾವು ರಾಶಿ ಹಾಕಿ ಬಿಡುವ ಹೆಂಚು ಅದೇ ಅಲ್ವಾ?

ಇದೆಲ್ಲ ಕೇರಳಕ್ಕೆ ಸರಿ, ನಮಗೆ ಆಗಲ್ಲ ಎನ್ನುವವರಿಗೆ ಉಂಗ್ರ ನೆನಪಿಸಬೇಕು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ದ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ತಾಲ್ಲೂಕಿನ ಉಂಗ್ರದಲ್ಲೇ. ಭಟ್ಟಿಯಲ್ಲಿ ಸುಡದೆ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವ ಬ್ಲಾಕಿನ ಮೇಲೆ ಆ ತಂಡದವರು ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ಕಾಲ ಕೆಳಗಿನ ಮಣ್ಣೇ ಮನೆಯಾಗುತ್ತದೆ ಎಂದು ತೋರಿಸಿಕೊಟ್ಟವರನ್ನು ನಾವೇ ಮರೆತಿದ್ದೇವೆ, ನನಗೆ ಅದು ಬಹಳ ನೋವಿನ ವಿಷಯ.

ಸುಮ್ನೆ ಬೇಕರ್ ಫೋಟೋಗೆ ಹಾರ ಹಾಕುವುದು ಬೇಡ. ಕಡಿಮೆ ಖರ್ಚಿನ ಕಟ್ಟಡ ಕೆಲಸಕ್ಕೆಂದೇ ಇರುವ ಜಿಲ್ಲೆಯ ನಿರ್ಮಿತಿ ಕೇಂದ್ರದವರು ಪಂಚಾಯಿತಿಗೆ ಇಬ್ಬರಂತೆ ಮೇಸ್ತ್ರಿಗಳನ್ನು ಕರೆದು ವಾರ ಹತ್ತು ದಿನ ಕೈಯಲ್ಲಿ ಮಾಡಿಸಿ ಕಲಿಸಲಿ. ಹೀಗೆ ಕಟ್ಟಿದ ಮನೆಗೂ ತಕರಾರಿಲ್ಲದೆ ಬಿಲ್ ಆಗುತ್ತದೆ ಎಂದು ಇಂಜಿನಿಯರುಗಳು ಮೊದಲೇ ಹೇಳಲಿ, ಆ ಭಯಕ್ಕೇ ಜನ ಹೊಸದಕ್ಕೆ ಕೈಹಾಕುವುದಿಲ್ಲ. ತಂಗಿ ಈಗ ಮನೆಯ ಹಿಂದೆ ಒಂದು ಅಡುಗೆ ಕೋಣೆ ಕಟ್ಟಿಸಬೇಕು ಅಂತಿದ್ದಾಳೆ. ಕಲಿಸುವವರು ಬಂದರೆ ಆ ಗೋಡೆಯಲ್ಲೇ ಕಲಿಸಬಹುದು. ನಮ್ಮೂರಿನ ಇಬ್ಬರು ಮೇಸ್ತ್ರಿಗಳು ಬರುತ್ತೇವೆ ಎಂದಿದ್ದಾರೆ.

– ಒಬ್ಬ ಓದುಗ, ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ