ಒಂದೇ ಜಾಗದಲ್ಲಿ ಎರಡು ‘ಅವಘಡ’

ಮಾನ್ಯ ಸಂಪಾದಕರೇ,

2025ರ ಆಗಸ್ಟ್ 25. ಗಾಜಾದ ನಾಸೆರ್ ಆಸ್ಪತ್ರೆಯ ಹೊರಮೆಟ್ಟಿಲಿನಿಂದ ರಾಯಿಟರ್ಸ್ ಸುದ್ದಿಸಂಸ್ಥೆಯ ಕ್ಯಾಮೆರಾಮನ್ ಹುಸ್ಸಾಮ್ ಅಲ್ ಮಸ್ರಿ ನೇರ ಪ್ರಸಾರ ಮಾಡುತ್ತಿದ್ದರು. ಇಸ್ರೇಲ್ ದಾಳಿ ಬಿದ್ದ ಕೂಡಲೇ ದೃಶ್ಯ ಕಡಿದುಹೋಯಿತು. ಗಾಯಾಳುಗಳನ್ನು ಎತ್ತಲು ಜನ ಓಡಿ ಬಂದರು, ಸುದ್ದಿ ಮಾಡಲು ಬೇರೆ ಪತ್ರಕರ್ತರೂ ಬಂದರು. ಅದೇ ಜಾಗಕ್ಕೆ ಇನ್ನೊಂದು ದಾಳಿ! ಅಂದು ಸತ್ತವರಲ್ಲಿ ಐವರು ಪತ್ರಕರ್ತರು. ಪ್ರಧಾನಿ ನೆತನ್ಯಾಹು ಅದನ್ನು ಅವಘಡ ಎಂದು ವಿಷಾದಿಸಿದರು. ನಿಮಿಷಗಳ ಅಂತರದಲ್ಲಿ, ಒಂದೇ ಕಡೆ ಎರಡು ಸಲ ಆಗುವ ಅವಘಡ ಯಾವ ಬಗೆಯದೋ!

ಯುದ್ಧಭೂಮಿಯಲ್ಲಿರುವ ಪತ್ರಕರ್ತರನ್ನು ನಾಗರಿಕರಂತೆಯೇ ಕಾಣಬೇಕು ಎನ್ನುತ್ತದೆ 1977ರ ಜಿನೀವಾ ಹೆಚ್ಚುವರಿ ಒಪ್ಪಂದದ 79ನೇ ವಿಧಿ. ಇಸ್ರೇಲ್ ಅದಕ್ಕೆ ಸೇರಿಲ್ಲ. ಬೇಸರದ ಮಾತೆಂದರೆ ನಮ್ಮ ದೇಶವೂ ಸೇರಿಲ್ಲ. 2021ರಲ್ಲಿ ಅಫ್ಗಾನಿಸ್ತಾನದ ಸ್ಪಿನ್ ಬೋಲ್ಡಾಕ್‌ನಲ್ಲಿ ನಮ್ಮವರೇ ಆದ ಸುದ್ದಿ ಛಾಯಾಗ್ರಾಹಕ ಡ್ಯಾನಿಶ್ ಸಿದ್ದಿಕಿ ಅವರನ್ನು ಕಳೆದುಕೊಂಡೆವು, ಅಲ್ವಾ? ಆಮೇಲಾದರೂ ಸಂಸತ್ತಿನಲ್ಲಿ ಈ ಒಪ್ಪಂದದ ಬಗ್ಗೆ ಗಟ್ಟಿಯಾಗಿ ಮಾತಾಡಬಹುದಿತ್ತು.

2023ರಲ್ಲಿ ಯುದ್ಧ ಶುರುವಾದ ಮೇಲೆ ಸೇನೆಯ ಕಾವಲಿಲ್ಲದೆ ಗಾಜಾ ಒಳಗೆ ಹೋಗಲು ಹೊರದೇಶದ ವರದಿಗಾರರಿಗೆ ಇಸ್ರೇಲ್ ಅಡ್ಡಿ ಮಾಡಿತು. ನಾವು ನೋಡಿದ್ದೆಲ್ಲ ಅಲ್ಲಿನವರೇ ಹಸಿದ ಹೊಟ್ಟೆಯಲ್ಲಿ, ಟೆಂಟಿನಲ್ಲಿ ಕೂತು ಕಳಿಸಿದ್ದು. ಅವರ ಸುದ್ದಿ ಹಾಕುವಾಗ ಸುಮ್ನೆ ‘ಏಜೆನ್ಸಿ’ ಎಂದು ಬರೆಯದೆ ಅವರ ಹೆಸರನ್ನೂ ಹಾಕಿ.

– ಒಬ್ಬ ಓದುಗ, ಧಾರವಾಡ