ನಮಗೂ ಜಾಗ ಹಿಡಿದವರಿಗೆ

ಬಾರ್ಸಿಲೋನಾ ಮಹಿಳಾ ಫುಟ್‌ಬಾಲ್ ತಂಡದ 2021-22ರ ಸಾಲಿನ ಆಟ ಮೇ 29ರಂದು ಮುಗಿಯಿತು. ಬೆಂಗಳೂರಿನಲ್ಲಿ ಅಪ್ಪನ ವರ್ಷದ ಕಾರ್ಯವೂ ಅದೇ ತಿಂಗಳು ಮುಗಿಯಿತು. ಎರಡೂ ಮುಗಿದ ಮೇಲೆ ಕೂತು ನಾಲ್ಕು ಸಾಲು ಬರೆಯುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ಅದನ್ನು ತೀರಿಸುತ್ತಿದ್ದೇನೆ.

ನಾನು ಗೌತಮಪುರದ ಪಕ್ಕದ ಬೀದಿಯಲ್ಲಿ ಬೆಳೆದವಳು. ಬೆಂಗಳೂರಿನಲ್ಲಿ ಫುಟ್‌ಬಾಲಿಗಾಗಿ ಊಟ ಬಿಡುವ ಜನ ಎಲ್ಲಾದರೂ ಇದ್ದರೆ ಅದು ಹಲಸೂರಿನ ಆ ಬೀದಿಗಳಲ್ಲಿ. ಅಪ್ಪ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಭಾನುವಾರ ಅಶೋಕನಗರದ ಕ್ರೀಡಾಂಗಣಕ್ಕೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಮೆಟ್ಟಿಲಿನ ಮೇಲೆ ಹೆಗಲಿನ ಟವೆಲ್ ಹಾಸಿ ಮೊದಲು ನನಗೆ ಜಾಗ ಹಿಡಿಯುತ್ತಿದ್ದರು, ಆಮೇಲೆ ಕಡಲೆಕಾಯಿ ತರಲು ಹೋಗುತ್ತಿದ್ದರು. ಆಫ್‌ಸೈಡ್ ಎಂಬ ಆಟದ ನಿಯಮ ಏನೆಂಬುದನ್ನು ಅವರು ನನಗೆ ಹೇಳಿಕೊಟ್ಟಿದ್ದು ಆ ಕಡಲೆಕಾಯಿ ಸಿಪ್ಪೆಗಳನ್ನು ಸಿಮೆಂಟಿನ ಮೇಲೆ ಸಾಲಾಗಿ ಜೋಡಿಸಿ, ಮೊಳೆ ಜೋಡಿಸುವಷ್ಟೇ ಶ್ರದ್ಧೆಯಿಂದ. ನನಗೆ ಹನ್ನೆರಡು ತುಂಬಿದಾಗ ಅತ್ತೆಯರು, ಬೆಳೆದ ಹುಡುಗಿಯನ್ನು ಗಂಡಸರ ಗುಂಪಿನಲ್ಲಿ ಕೂರಿಸುವುದೇ ಎಂದು ತಕರಾರು ತೆಗೆದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೂ ಎರಡು ವರ್ಷ ಟವೆಲ್ ಹಾಸಿದರು. ಆ ಮೇಲೆ ನಾನೇ ಹೋಗುವುದನ್ನು ಬಿಟ್ಟೆ. ಅಷ್ಟು ದೊಡ್ಡ ಗ್ಯಾಲರಿಯಲ್ಲಿ ನಾನೊಬ್ಬಳೇ ಹುಡುಗಿ ಎಂಬ ಮುಜುಗರವನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ಆಗ ತಿಳಿಯಲಿಲ್ಲ.

2020ರ ಆರಂಭದಲ್ಲಿ ಗಂಡನ ಕೆಲಸದ ಮೇಲೆ ನಾವು ಬಾರ್ಸಿಲೋನಾಕ್ಕೆ ಬಂದೆವು. ಊರು ಕಣ್ಣಿಗೆ ಬೀಳುವ ಮೊದಲೇ ಲಾಕ್‌ಡೌನ್ ಬಂತು. ಮರುವರ್ಷ ಮೇ ತಿಂಗಳಲ್ಲಿ ಅಪ್ಪನಿಗೆ ಕೋವಿಡ್ ಆಯಿತು. ಮೇ 16ರ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಸಿಡಿಯಿತು, ಬಾಲ್ಕನಿಗಳಲ್ಲಿ ಜನ ಕೂಗುತ್ತಿದ್ದರು. ಗೋಥೆನ್‌ಬರ್ಗ್‌ನಲ್ಲಿ ಇಲ್ಲಿನ ಹೆಣ್ಣುಮಕ್ಕಳು ಚೆಲ್ಸಿಯನ್ನು 4-0ಯಿಂದ ಸೋಲಿಸಿ ಮೊದಲ ಬಾರಿಗೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿದ್ದರು. ನಾನು ಕಿಟಕಿ ಮುಚ್ಚಿ, ಆಸ್ಪತ್ರೆಯ ಹೊರಗೆ ನಿಂತಿದ್ದ ತಮ್ಮನ ಕರೆಗಾಗಿ ಕಾಯುತ್ತಿದ್ದೆ. ನಾಲ್ಕನೆಯ ದಿನ ಆ ಕರೆ ಬಂತು. ನನಗೆ ಹೋಗಲಾಗಲಿಲ್ಲ. ಮಣ್ಣು ಹಾಕುವುದನ್ನು ಮೊಬೈಲಿನಲ್ಲಿ ನೋಡಿದೆ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಡುಗೆ ಮಾಡುತ್ತಿದ್ದೆ, ಮಲಗುತ್ತಿದ್ದೆ. ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ.

ಮೊದಲ ಕೃತಜ್ಞತೆ ನಮ್ಮ ಕೆಳಗಿನ ಮನೆಯ ಅಜ್ಜಿಗೆ. ಇಲ್ಲಿನ ಮಕ್ಕಳು ಅಜ್ಜಿಯನ್ನು ಯಾಯಾ ಎನ್ನುತ್ತಾರೆ, ನನ್ನ ಮಗಳೂ ಹಾಗೆಯೇ ಕರೆಯುತ್ತಾಳೆ. ಸೆಪ್ಟೆಂಬರಿನ ಒಂದು ಸಂಜೆ ಯಾಯಾ ಬಾಗಿಲು ತಟ್ಟಿ, ಒಂಬತ್ತು ವರ್ಷದ ಮಗುವನ್ನು ಹೀಗೆ ಮನೆಯಲ್ಲಿ ಕಟ್ಟಿ ಹಾಕಬಾರದು ಎಂದು ಗದರಿದರು. ನನಗೆ ಅರ್ಥವಾಗಿದ್ದು ಅರ್ಧ ಮಾತು, ಆದರೆ ಗದರಿಕೆ ಪೂರ್ತಿ ಅರ್ಥವಾಯಿತು. ಅವರೇ ಮಗಳ ಕೈ ಹಿಡಿದು ಬಡಾವಣೆಯ ಹುಡುಗಿಯರ ತಂಡಕ್ಕೆ ಸೇರಿಸಿ ಬಂದರು. ವಾರಕ್ಕೆ ಎರಡು ದಿನ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕಾದು ಕೂತು ಕರೆತಂದವರೂ ಅವರೇ. ಕೃತಕ ಹುಲ್ಲಿನ ನಡುವೆ ತುಂಬುವ ಕಪ್ಪು ರಬ್ಬರ್ ಪುಡಿ, ಸಾಸಿವೆ ಕಾಳಿನಷ್ಟು ಸಣ್ಣದು, ಮಗಳ ಬೂಟಿನಲ್ಲಿ, ಕಾಲುಚೀಲದಲ್ಲಿ, ಕೂದಲಲ್ಲಿ ಮನೆಗೆ ಬರುತ್ತಿತ್ತು. ದಿನಾ ಗುಡಿಸುತ್ತಿದ್ದೆ. ಒಂದು ದಿನ ಬೂಟನ್ನು ಬಾಲ್ಕನಿಯಲ್ಲಿ ಕೊಡವುತ್ತಾ, ಇದು ಬರುವ ಜಾಗ ಯಾವುದು ಎಂದು ನೋಡಬೇಕೆನ್ನಿಸಿತು. ಹೋದೆ. ಆ ತಂಡದ ತರಬೇತುದಾರ್ತಿ ನನ್ನನ್ನು ಏನೂ ಕೇಳದೆ ಕೈಗೆ ನೀರಿನ ಬಾಟಲಿಗಳ ಬುಟ್ಟಿ ಕೊಟ್ಟರು. ಅವರಿಗೂ ಇಲ್ಲೇ ಕೈ ಮುಗಿಯುತ್ತೇನೆ. ದುಃಖದಲ್ಲಿರುವವರಿಗೆ ಸಮಾಧಾನ ಹೇಳುವವರು ಹಲವರು, ಕೆಲಸ ಕೊಡುವವರು ಕಡಿಮೆ.

ಆ ಹುಡುಗಿಯರೆಲ್ಲರ ಬೆನ್ನ ಮೇಲೆ ಎರಡೇ ಹೆಸರು: ಬಾರ್ಸಿಲೋನಾ ತಂಡದ ಅಲೆಕ್ಸಿಯಾ, ಐತಾನಾ. ಮಗಳು ಮನೆಗೆ ಬಂದು ಅವರ ಕಥೆಗಳನ್ನು ಹೇಳತೊಡಗಿದಳು, ಅವಳಿಗಾಗಿ ನಾನು ಓದತೊಡಗಿದೆ. ಓದುತ್ತಾ ಹೋದಂತೆ ತಂಡದ ಮೇಲೆ ನನಗೇ ಮಮತೆ ಬೆಳೆಯಿತು. 2007ರಲ್ಲಿ ಈ ತಂಡ ಮೇಲಿನ ದರ್ಜೆಯಿಂದ ಕೆಳಕ್ಕೆ ಬಿದ್ದಿತ್ತು. ಮೊದಲ ಲೀಗ್ ಪ್ರಶಸ್ತಿ ಬಂದಿದ್ದು 2012ರಲ್ಲಿ. ಕ್ಲಬ್ ಇವರನ್ನು ಪೂರ್ಣ ವೃತ್ತಿಪರರನ್ನಾಗಿ ಮಾಡಿದ್ದು 2015ರಲ್ಲಿ. ಅದಕ್ಕೂ ಮೊದಲು ಕೆಲಸವೋ ಓದೋ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವರೇ ಹೆಚ್ಚು. 2019ರ ನವೆಂಬರಿನಲ್ಲಿ ಸ್ಪೇನಿನ ಲೀಗ್ ಆಟಗಾರ್ತಿಯರೆಲ್ಲ ಮುಷ್ಕರ ಹೂಡಿದರು. ಕನಿಷ್ಠ ಸಂಬಳ, ಹೆರಿಗೆ ರಜೆ, ಗಾಯವಾದರೆ ರಕ್ಷಣೆ, ಇವೇ ಬೇಡಿಕೆಗಳು. ಮುಂದಿನ ಫೆಬ್ರವರಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, ವರ್ಷಕ್ಕೆ ಕನಿಷ್ಠ 16,000 ಯೂರೊ ಎಂದು ನಿಗದಿಯಾಯಿತು. ಈಗ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟುವ ನಮ್ಮಂಥವರು ಆ ಮುಷ್ಕರಕ್ಕೂ ಋಣಿಗಳು.

2021ರ ಜನವರಿ 6ರಂದು ಇವರು ಮೊದಲ ಬಾರಿಗೆ ಕ್ಲಬ್ಬಿನ ದೊಡ್ಡ ಕ್ರೀಡಾಂಗಣವಾದ ಕ್ಯಾಂಪ್ ನೌನಲ್ಲಿ ಅಧಿಕೃತ ಪಂದ್ಯ ಆಡಿದರು. ಇದೇ ಊರಿನ ಎಸ್ಪನ್ಯೋಲ್ ತಂಡದ ವಿರುದ್ಧ 5-0. ಮೊದಲ ಗೋಲು ಅಲೆಕ್ಸಿಯಾ ಪುಟೆಯಾಸ್ ಅವರದು. ಕೋವಿಡ್ ಕಾರಣ ಒಬ್ಬ ಪ್ರೇಕ್ಷಕನಿಗೂ ಪ್ರವೇಶವಿರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಅವರು ಗೋಲು ಹೊಡೆದು ಕುಣಿಯುವ ಚಿತ್ರಗಳನ್ನು ನೋಡಿದಾಗ ನನ್ನ ಎದೆ ಹಿಂಡಿತು.

2022ರ ಮಾರ್ಚ್ 13, ಭಾನುವಾರ. ಮಕ್ಕಳ ತಂಡದೊಂದಿಗೆ ನಾವೂ ಊರಾಚೆಯ ಯೋಹಾನ್ ಕ್ರೈಫ್ ಕ್ರೀಡಾಂಗಣಕ್ಕೆ ಹೋದೆವು. ಆರು ಸಾವಿರ ಜನ ಹಿಡಿಸುವ ಪುಟ್ಟ ಜಾಗ. ರಿಯಲ್ ಮ್ಯಾಡ್ರಿಡ್ ವಿರುದ್ಧ 5-0 ಗೆದ್ದು, ಇನ್ನೂ ಆರು ಪಂದ್ಯ ಬಾಕಿ ಇರುವಾಗಲೇ ತಂಡ ಲೀಗ್ ಪ್ರಶಸ್ತಿಯನ್ನು ಕೈಗೆ ತಂದುಕೊಂಡಿತು. ಸುತ್ತಲಿನವರೊಂದಿಗೆ ನಾನೂ "ಕಂಪಿಯೋನ್ಸ್" ಎಂದು ಕೂಗಿದೆ. ಮಗಳು ತೋಳು ಜಗ್ಗಿದಳು: "ಅಮ್ಮಾ, ಅದು ಗಂಡಸರಿಗೆ. ಇವರಿಗೆ ಕಂಪಿಯೋನಸ್ ಎನ್ನಬೇಕು." ನಮ್ಮ ಕನ್ನಡದ "ಚಾಂಪಿಯನ್ನರು" ಎಂಬ ಮಾತಿಗೆ ಈ ತೊಡಕಿಲ್ಲ. ಆದರೆ ಅಂದು ಆ ಒಂದು ಅಕ್ಷರದ ವ್ಯತ್ಯಾಸವನ್ನು ಸಾವಿರಾರು ಜನ, ಅದರಲ್ಲೂ ಗಂಡಸರು, ಗಂಟಲು ಕಟ್ಟುವಂತೆ ಕೂಗುವುದನ್ನು ಕೇಳಿ ನಾನು ತಿದ್ದಿಕೊಂಡು ಕೂಗಿದೆ. ಅಪ್ಪ ಹೋದ ಮೇಲೆ ನಾನು ಗಟ್ಟಿಯಾಗಿ ದನಿ ತೆಗೆದಿದ್ದು ಅದೇ ಮೊದಲು.

ಸೀಸನ್ ಮುಗಿಯುವಾಗ ಲೀಗ್‌ನಲ್ಲಿ 30 ಪಂದ್ಯ, 30 ಗೆಲುವು. ಹೊಡೆದ ಗೋಲು 159, ಬಿಟ್ಟುಕೊಟ್ಟಿದ್ದು 11.

ಮಾರ್ಚ್ 30ರ ಬುಧವಾರ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್, ಮತ್ತೆ ರಿಯಲ್ ಮ್ಯಾಡ್ರಿಡ್, ಈ ಸಲ ಕ್ಯಾಂಪ್ ನೌನಲ್ಲಿ. ಯಾಯಾ ನಮ್ಮಿಬ್ಬರಿಗೂ ಟಿಕೆಟ್ ತೆಗೆದಿಟ್ಟಿದ್ದರು. ಮೆಟ್ರೊದಲ್ಲಿ ಉಸಿರಾಡಲು ಜಾಗವಿರಲಿಲ್ಲ, ಆದರೂ ಯಾರೋ ಎದ್ದು ಯಾಯಾಗೆ ಸೀಟು ಕೊಟ್ಟರು. ಎಲ್ಲಿ ನೋಡಿದರೂ ಅಪ್ಪಂದಿರ ಹೆಗಲೇರಿದ ಹುಡುಗಿಯರು. ನಮ್ಮ ಸೀಟು ಬಹಳ ಮೇಲೆ. ನಾವು ತಲುಪುವಷ್ಟರಲ್ಲಿ ಮುಂದೆ ಹೋಗಿದ್ದ ಯಾಯಾ ಎರಡು ಕುರ್ಚಿಗಳ ಮೇಲೆ ತಮ್ಮ ನೀಲಿ-ಕೆಂಪು ಶಾಲನ್ನು ಹಾಸಿ ಕಾದಿದ್ದರು. ಸೀಟಿಗೆ ಸಂಖ್ಯೆಯಿದೆ, ಯಾರೂ ಬಂದು ಕೂರುವಂತಿಲ್ಲ. ಆದರೂ ಹಾಸಿದ್ದರು. ನಾನು ಸ್ವಲ್ಪ ಹೊತ್ತು ಕೂರಲಾರದೆ ನಿಂತೇ ಇದ್ದೆ.

ಕೂತ ಮೇಲೆ ಅವರು ಚೀಲದಿಂದ ಸೂರ್ಯಕಾಂತಿ ಬೀಜದ ಪೊಟ್ಟಣ ತೆಗೆದರು. ಇಲ್ಲಿ ಫುಟ್‌ಬಾಲ್ ನೋಡುವವರು ಅದನ್ನೇ ಹಲ್ಲಲ್ಲಿ ಒಡೆದು ತಿನ್ನುತ್ತಾರೆ. ಪಂದ್ಯ ಶುರುವಾಗಿ ಎಂಟನೆಯ ನಿಮಿಷಕ್ಕೇ ಮಾಪಿ ಲಿಯೋನ್ ಗೋಲು ಹೊಡೆದರು. ಪೆನಾಲ್ಟಿಯಲ್ಲಿ ಮ್ಯಾಡ್ರಿಡ್ ಸಮ ಮಾಡಿತು. ವಿರಾಮದ ನಂತರ ಕ್ಲೌದಿಯಾ ಸೋರ್ನೋಸಾ ಬಹಳ ದೂರದಿಂದ ಗೋಲ್‌ಕೀಪರ್ ತಲೆಯ ಮೇಲೆ ಚೆಂಡು ತೇಲಿಸಿ ಬಿಟ್ಟಾಗ ಮ್ಯಾಡ್ರಿಡ್ 2-1ರಿಂದ ಮುಂದಿತ್ತು. ಅಷ್ಟು ದೊಡ್ಡ ಕ್ರೀಡಾಂಗಣ ಒಂದು ಕ್ಷಣ ತಣ್ಣಗಾಯಿತು. ಆಮೇಲೆ ನಮ್ಮ ಹಿಂದಿನ ಸಾಲಿನಲ್ಲಿ ಒಂದು ಮಗು ಕ್ಲಬ್ಬಿನ ಹೆಸರು ಕೂಗಿತು, ಸಾಲು ಸಾಲಾಗಿ ಜನ ಎದ್ದರು. ಐತಾನಾ ಬೊನ್ಮತಿ, ಕ್ಲೌದಿಯಾ ಪಿನಾ, ಅಲೆಕ್ಸಿಯಾ, ಕ್ಯಾರೊಲಿನ್ ಗ್ರಹಾಂ ಹಾನ್ಸೆನ್: ಇಪ್ಪತ್ತು ನಿಮಿಷದೊಳಗೆ ನಾಲ್ಕು ಗೋಲು. 5-2.

ಅಲೆಕ್ಸಿಯಾ ಗೋಲು ಹೊಡೆದಾಗಲೆಲ್ಲ ಆಕಾಶದ ಕಡೆ ಬೆರಳೆತ್ತುವುದೇಕೆ ಎಂದು ನಾನು ಯಾಯಾರನ್ನು ಕೇಳಿದೆ. ಅದು ಅವರ ಅಪ್ಪನಿಗೆ, ಎಂದರು. ಮಗಳನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದ ಅಪ್ಪ 2012ರಲ್ಲಿ ತೀರಿಕೊಂಡರು, ಆಗ ಅಲೆಕ್ಸಿಯಾಗೆ ಹದಿನೆಂಟು. ಬಾರ್ಸಿಲೋನಾದ ಮುಖ್ಯ ತಂಡದ ಅಂಗಿ ತೊಟ್ಟು ಆಡಿದ ಮಗಳನ್ನು ಅವರು ನೋಡಲಿಲ್ಲ. ಯಾಯಾ ಇಷ್ಟು ಹೇಳಿ ಮತ್ತೆ ಬೀಜ ಒಡೆಯತೊಡಗಿದರು, ನನ್ನ ಮುಖ ನೋಡಲಿಲ್ಲ. ಆ ಸೂಕ್ಷ್ಮಕ್ಕೂ ನಾನು ಋಣಿ.

ಸ್ಕೋರ್‌ಬೋರ್ಡಿನಲ್ಲಿ ಸಂಖ್ಯೆ ಮೂಡಿತು: 91,553. 1999ರ ಮಹಿಳಾ ವಿಶ್ವಕಪ್ ಫೈನಲ್‌ಗೆ ಅಮೆರಿಕದ ರೋಸ್ ಬೌಲ್‌ನಲ್ಲಿ ಸೇರಿದ್ದ 90,185 ಜನರ ದಾಖಲೆ ಮುರಿದಿತ್ತು. (1971ರಲ್ಲಿ ಮೆಕ್ಸಿಕೊದ ಅಸ್ತೆಕಾದಲ್ಲಿ ಹೆಂಗಸರ ಆಟಕ್ಕೆ ಇದಕ್ಕಿಂತಲೂ ಹೆಚ್ಚು ಜನ ಸೇರಿದ್ದರೆನ್ನುತ್ತಾರೆ. ಅಧಿಕೃತ ಲೆಕ್ಕದಲ್ಲಿ ಅದನ್ನು ಹಿಡಿದಿಲ್ಲ. ಅಂದು ಆಡಿದವರಿಗೂ ನನ್ನ ನಮಸ್ಕಾರ ಸಲ್ಲಬೇಕು.) ಯಾಯಾ ಆ ಸಂಖ್ಯೆಯನ್ನು ಎರಡು ಸಲ ಓದಿದರು. 1970ರ ಕ್ರಿಸ್‌ಮಸ್ ದಿನ ಇದೇ ಮೈದಾನದಲ್ಲಿ ಹುಡುಗಿಯರು ಮೊದಲ ಬಾರಿ ಆಡಿದ್ದರಂತೆ, ಸುಮಾರು 60,000 ಜನ ಸೇರಿದ್ದರಂತೆ. ಯಾಯಾರ ಅಣ್ಣ ಹೋಗಿದ್ದರು. ಯಾಯಾ ಹೋಗಲಿಲ್ಲ. "ಹಬ್ಬದ ಅಡುಗೆ ಇತ್ತಲ್ಲ," ಎಂದರು. ಅಣ್ಣ ಮನೆಗೆ ಬಂದು ಊಟದ ಮೇಜಿನಲ್ಲಿ ಹೇಳಿದ್ದಷ್ಟೇ ಅವರಿಗೆ ಗೊತ್ತು. ಐವತ್ತೊಂದು ವರ್ಷಗಳ ಮೇಲೆ ಬಂದಿದ್ದರು, ಶಾಲು ಹಾಸಿದ್ದರು.

ಆಟ ಮುಗಿದರೂ ಜನ ಕದಲಲಿಲ್ಲ. ಆಟಗಾರ್ತಿಯರು ಮೈದಾನದಲ್ಲೇ ಇದ್ದರು, ಜನರೊಡನೆ ಹಾಡಿದರು, ಕೈ ಬೀಸಿದರು. ಊರಿನಲ್ಲಿ ಆಗ ನಡುರಾತ್ರಿ. ಆದರೂ ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. ಅಮ್ಮ ಎಚ್ಚರವಿದ್ದರು. ಪಕ್ಕದಲ್ಲಿ ತಮ್ಮ ಕೂತಿದ್ದ. ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಫೋನನ್ನು ಸುತ್ತ ತಿರುಗಿಸಿ ತೋರಿಸಿದೆ. ಆ ಒಂದು ವರ್ಷ ಒಬ್ಬನೇ ಎಲ್ಲವನ್ನೂ ಹೊತ್ತ ತಮ್ಮನಿಗೆ, ನಾನು ಬರಲಿಲ್ಲವೆಂದು ಒಂದು ದಿನವೂ ಆಡದ ಅಮ್ಮನಿಗೆ, ಧನ್ಯವಾದ ಎಂಬ ಮಾತು ಸಾಲದು. ಆದರೂ ಇಲ್ಲಿ ಬರೆದಿಡುತ್ತೇನೆ. ಆ ದಿನಗಳಲ್ಲಿ ಅನ್ನ-ಸಾರು ಮಾಡಿ ಡಬ್ಬಿಯಲ್ಲಿ ತಂದು ಬಾಗಿಲಿನಲ್ಲಿಟ್ಟು ಹೋದ ಇಲ್ಲಿನ ಕನ್ನಡದ ಮನೆಗಳವರಿಗೂ.

ಏಪ್ರಿಲ್ 22ರಂದು ವೋಲ್ಫ್ಸ್‌ಬರ್ಗ್ ಎದುರಿನ ಸೆಮಿಫೈನಲ್‌ಗೆ 91,648 ಜನ ಬಂದರು. 5-1. ಅದನ್ನು ಯಾಯಾರ ಮನೆಯ ಟಿ.ವಿ.ಯಲ್ಲಿ ನೋಡಿದೆವು. ಮೇ 21ರಂದು ಟ್ಯೂರಿನ್‌ನಲ್ಲಿ ಫ್ರಾನ್ಸಿನ ಲಿಯೋನ್ ತಂಡದ ಎದುರು ಫೈನಲ್ 3-1ರಿಂದ ಸೋತರು. ಮಗಳು ಅತ್ತಳು. ಸೋತ ತಂಡಕ್ಕೂ ಬಾರ್ಸಿಲೋನಾದಿಂದ ಹೋಗಿದ್ದ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ತೋರಿಸಿದೆ. ಮಾರನೆಯ ಬೆಳಿಗ್ಗೆ ಅವಳದೇ ಪಂದ್ಯವಿತ್ತು, ಎದ್ದು ಹೋದಳು.

ತಂಡದವರಿಗೆ ನನ್ನ ಕನ್ನಡ ಅರ್ಥವಾಗದು. ಆದರೂ ಅಲೆಕ್ಸಿಯಾ, ಐತಾನಾ, ಮಾಪಿ, ಪಾತ್ರಿ, ಐರೀನ್, ನಿಮ್ಮೆಲ್ಲರಿಗೂ: ಖಾಲಿ ಕುರ್ಚಿಗಳ ಮುಂದೆಯೂ ಮನಸಾರೆ ಆಡಿದಿರಿ, ಆದ್ದರಿಂದಲೇ ತುಂಬಿದ ಗ್ಯಾಲರಿಯೊಳಗೆ ನನಗೊಂದು ಕುರ್ಚಿ ಸಿಕ್ಕಿತು. ನನ್ನ ಮಗಳಿಗೆ ತಾನೊಬ್ಬಳೇ ಹುಡುಗಿ ಎಂಬ ಮುಜುಗರ ಏನೆಂದೇ ಗೊತ್ತಿಲ್ಲ. ನಮ್ಮ ಮನೆಗೆ ನೀವು ಕೊಟ್ಟಿದ್ದು ಇದು.

ಇನ್ನೊಂದನ್ನು ಬರೆಯದೆ ಬಿಡಲಾರೆ. ಮಾರ್ಚ್ 30ರ ವಿರಾಮದಲ್ಲಿ ಯಾಯಾ ಮೆಲ್ಲಗೆ, ಆಫ್‌ಸೈಡ್ ಎಂದರೇನೆಂದು ತಮಗೆ ಇವತ್ತಿನವರೆಗೂ ಯಾರೂ ಬಿಡಿಸಿ ಹೇಳಿಲ್ಲ ಎಂದರು. ನಾನು ಕಾಲ ಬಳಿ ಬಿದ್ದಿದ್ದ ಸೂರ್ಯಕಾಂತಿ ಸಿಪ್ಪೆಗಳನ್ನು ಆರಿಸಿ ಸಿಮೆಂಟಿನ ಮೇಲೆ ಸಾಲಾಗಿ ಇಟ್ಟೆ. ಇದು ಕೊನೆಯ ಡಿಫೆಂಡರ್, ಇದು ಗೋಲ್‌ಕೀಪರ್, ಇದು ಚೆಂಡು. ನನ್ನ ಸ್ಪ್ಯಾನಿಷ್ ಅಲ್ಲಲ್ಲಿ ಕೈಕೊಟ್ಟಿತು, ಅಲ್ಲೆಲ್ಲ ಮಗಳು ಇಲ್ಲಿನ ಭಾಷೆ ಕತಲಾನಿನಲ್ಲಿ ಸೇರಿಸಿದಳು. ಯಾಯಾ ಮೂರನೆಯ ಸಲಕ್ಕೆ ತಲೆಯಾಡಿಸಿದರು.

ಬರುವ ಸೀಸನ್‌ಗೆ ಅಮ್ಮ ಇಲ್ಲಿಗೆ ಬರುತ್ತಿದ್ದಾರೆ. ನಾಲ್ಕು ಟಿಕೆಟ್ ಬೇಕು ಎಂದು ಯಾಯಾ ಈಗಲೇ ಹೇಳಿಟ್ಟಿದ್ದಾರೆ, ನಿಮ್ಮಮ್ಮನ ಹಲ್ಲಿಗೆ ಈ ಬೀಜ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ. ಬರುವಾಗ ಹುರಿದ ಕಡಲೆಕಾಯಿ ಕಟ್ಟಿಕೊಂಡು ಬಾ ಎಂದು ಅಮ್ಮನಿಗೆ ಹೇಳಿದ್ದೇನೆ, ಸಿಪ್ಪೆಯ ಸಮೇತ.